ಮುತ್ತಿನ ಸರ ಮನೆಯಲ್ಲೇ ಮತ್ತೆ ಪೋಣಿಸುವುದು ಹೇಗೆ: ಹಳೆ ದಾರ ಬಿಚ್ಚುವುದರಿಂದ ಕೊನೆಯ ಗಂಟಿನವರೆಗೆ

"ಗಂಟು ಮುತ್ತಿಗೆ ತಾಗಿ ಕೂರುತ್ತಿಲ್ಲ." "ಪೋಣಿಸಿ ಎರಡು ತಿಂಗಳಾಗಿಲ್ಲ, ಆಗಲೇ ನಡುನಡುವೆ ದಾರ ಕಾಣುತ್ತಿದೆ." "ಕೊಂಡಿ ಹತ್ತಿರ ಕಿತ್ತುಹೋಯಿತು." ಮನೆಯಲ್ಲಿ ಮುತ್ತಿನ ಸರ ಪೋಣಿಸಲು ಕೂತವರು ನನಗೆ ಹೇಳುವುದು ಹೆಚ್ಚುಕಡಿಮೆ ಈ ಮೂರೇ. ಎಲ್ಲರೂ ತಮಗೆ ಗಂಟು ಹಾಕಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಆದರೆ ಮೊದಲಿಂದ ಏನೇನು ಮಾಡಿದಿರಿ ಅಂತ ಕೇಳುತ್ತಾ ಹೋದರೆ ತಪ್ಪು ಗಂಟಿನಲ್ಲಿ ಇರುವುದೇ ಇಲ್ಲ. ತೂತು ನೋಡದೆ ದಾರ ತಂದಿರುತ್ತಾರೆ, ತಂದ ದಾರವನ್ನು ಭಾರ ಕಟ್ಟಿ ನೇತುಹಾಕದೆ ಹಾಗೇ ಪೋಣಿಸಿರುತ್ತಾರೆ. ಮೊದಲ ಗಂಟು ಬೀಳುವ ಮುಂಚೆಯೇ ಸರ ಕೆಟ್ಟಿರುತ್ತದೆ.

ಅದಕ್ಕೇ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತು ಗಂಟಿನ ಮುಂಚಿನ ಕೆಲಸದ ಬಗ್ಗೆ ಇದೆ. ದಯವಿಟ್ಟು ಹಂತ ಹಾರಿಸಬೇಡಿ.

ಇದು ಒಂದೆಳೆಯ, ಮುತ್ತುಮುತ್ತಿನ ನಡುವೆ ಗಂಟು ಇರುವ ಸರಕ್ಕೆ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಜಪಾನಿನ ಅಕೋಯಾ ಮುತ್ತು ಇರಬಹುದು, ಹೈದರಾಬಾದಿಗೆ ಹೋದಾಗ ಚಾರ್ಮಿನಾರ್ ಹತ್ತಿರ ಕೊಂಡು ತಂದ ಸಿಹಿನೀರಿನ ಮುತ್ತು ಇರಬಹುದು, ಎರಡಕ್ಕೂ ಕ್ರಮ ಒಂದೇ. ಮೊದಲ ಸಲ ಮಾಡುವವರಿಗೆ ಕೂತು ಮಾಡುವ ಕೆಲಸ ಎರಡು ಸಂಜೆ ಹಿಡಿಯುತ್ತದೆ. ನಡುವೆ ಒಣಗಲು, ನೇತಾಡಲು ಬಿಡುವ ಸಮಯ ಬೇರೆ. ನಾಳೆ ಮದುವೆ ಇದೆ ಅಂತ ಇವತ್ತು ರಾತ್ರಿ ಕೂರಬೇಡಿ.

ಹಂತ 1: ಬಿಚ್ಚುವ ಅಗತ್ಯ ಇದೆಯಾ ನೋಡಿ

ಸರವನ್ನು ಎರಡೂ ತುದಿ ಹಿಡಿದು ಬೆಳಕಿಗೆ ಎತ್ತಿ. ಗಂಟಿಗೂ ಮುತ್ತಿಗೂ ನಡುವೆ ದಾರ ಕಾಣುತ್ತಿದ್ದರೆ ರೇಷ್ಮೆ ಎಳೆದುಕೊಂಡಿದೆ ಅಂತ ಅರ್ಥ. ಗಂಟುಗಳು ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಬೆವರು, ಕೊಳೆ ಒಳಗೆ ಸೇರಿದೆ. ಕೊಂಡಿಯ ಪಕ್ಕದ ಮೊದಲ ಎರಡು ಮುತ್ತುಗಳ ಹತ್ತಿರ ದಾರದ ನೂಲು ಎದ್ದು ಬಂದಿದ್ದರೆ ಇನ್ನು ಒಂದು ದಿನವೂ ಹಾಕಿಕೊಳ್ಳಬೇಡಿ, ಸರ ಮೊದಲು ಕಿತ್ತುಹೋಗುವುದು ಅಲ್ಲೇ. ಕೊಂಡಿ ತೆಗೆದು ಹಾಕುವಾಗ ಎಲ್ಲ ಎಳೆತವೂ ಆ ಜಾಗಕ್ಕೇ ಬೀಳುತ್ತದೆ.

ವಾರಕ್ಕೊಮ್ಮೆಯಾದರೂ ಹಾಕುವ ಸರವನ್ನು ವರ್ಷಕ್ಕೊಮ್ಮೆ ಹೀಗೆ ನೋಡಿ. ಹಬ್ಬ, ಮದುವೆಗೆ ಮಾತ್ರ ತೆಗೆಯುವುದಾದರೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಆದರೆ ಲಾಕರಿನಲ್ಲಿ ಹತ್ತು ಹದಿನೈದು ವರ್ಷ ಸುಮ್ನೆ ಇದ್ದ ಸರ ಹಾಕದಿದ್ದರೂ ದಾರ ಹಳತಾಗಿರುತ್ತದೆ. ಅದನ್ನು ಹಾಗೇ ಕೊರಳಿಗೆ ಹಾಕಿಕೊಂಡು ಛತ್ರಕ್ಕೆ ಹೋದರೆ ಊಟದ ಪಂಕ್ತಿಯಲ್ಲಿ ಮುತ್ತು ಹುಡುಕಬೇಕಾಗುತ್ತದೆ.

ಹಂತ 2: ಯಾವ ಮುತ್ತು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಮುತ್ತು ಯಾವುದು ಅನ್ನುವುದರ ಮೇಲೆ ಯಾವ ದಾರ, ಎಷ್ಟು ಬಲ, ತೂತು ಮುಟ್ಟಬಹುದೋ ಇಲ್ಲವೋ ಎಲ್ಲ ನಿಂತಿದೆ.

ಒಂದು ಮುತ್ತನ್ನು ಇನ್ನೊಂದಕ್ಕೆ ಮೆಲ್ಲಗೆ ಉಜ್ಜಿ. ನಿಜವಾದ ಮುತ್ತು, ಅದು ಚಿಪ್ಪಿನಲ್ಲಿ ಸಾಕಿ ಬೆಳೆಸಿದ ಕಲ್ಚರ್ ಮುತ್ತೇ ಆಗಲಿ, ಸಣ್ಣ ಮರಳಿನ ಹಾಗೆ ಸ್ವಲ್ಪ ಒರಟು ಅನಿಸುತ್ತದೆ. ಗಾಜಿನ ಮೇಲೆ ಬಣ್ಣ ಹಚ್ಚಿದ್ದಾದರೆ ಜಾರುತ್ತದೆ. ಆಮೇಲೆ ಲೂಪ್ ಅಥವಾ ಭೂತಗನ್ನಡಿ ಹಿಡಿದು ತೂತಿನ ಬಾಯಿ ನೋಡಿ. ನಕಲಿ ಮುತ್ತಿನ ತೂತಿನ ಸುತ್ತ ಬಣ್ಣದ ಪದರ ಸುಲಿದು ಕೆಳಗಿನ ಗಾಜು ಅಥವಾ ಪ್ಲಾಸ್ಟಿಕ್ ಕಾಣುತ್ತದೆ. ನಕಲಿಯನ್ನೂ ಇದೇ ರೀತಿ ಪೋಣಿಸಬಹುದು, ಆದರೆ ನೀರಿನಲ್ಲಿ ನೆನೆಸಬೇಡಿ, ಬಣ್ಣ ಎದ್ದುಬರುತ್ತದೆ.

ಅಕೋಯಾ ಮುತ್ತಿನ ಒಳಗೆ ಚಿಪ್ಪಿನಿಂದ ಮಾಡಿದ ದುಂಡು ಮಣಿ ಇರುತ್ತದೆ. ಅದರ ಸುತ್ತ ಮುತ್ತುಚಿಪ್ಪು ಹೊದಿಸಿದ ಹೊಳಪಿನ ಪದರ. ಈ ಪದರ ಅರ್ಧ ಮಿಲಿಮೀಟರಿನ ಆಸುಪಾಸು, ಎಷ್ಟೋ ಸರಗಳಲ್ಲಿ ಅದಕ್ಕಿಂತ ಕಡಿಮೆ. ತೂತಿನ ಅಂಚಿನಲ್ಲಿ ನೋಡಿದರೆ ಮಣಿಗೂ ಪದರಕ್ಕೂ ನಡುವೆ ಗೆರೆ ಕಾಣುತ್ತದೆ. ಮುತ್ತನ್ನು ಬಲ್ಬಿನ ಕೆಳಗೆ ಮೆಲ್ಲಗೆ ಉರುಳಿಸಿ. ಒಮ್ಮೆ ಹೊಳೆದು ಒಮ್ಮೆ ಮಂಕಾಗಿ ಮಿಟುಕುವ ಹಾಗೆ ಕಂಡರೆ ಪದರ ತುಂಬಾ ತೆಳು. ಅಂಥ ಮುತ್ತಿನ ತೂತನ್ನು ಯಾವ ಕಾರಣಕ್ಕೂ ದೊಡ್ಡದು ಮಾಡಲು ಹೋಗಬೇಡಿ.

ಈಗ ಅಂಗಡಿಗಳಲ್ಲಿ ಸಿಗುವ ಸಿಹಿನೀರಿನ ಮುತ್ತುಗಳಲ್ಲಿ ಬಹುಪಾಲು ಚೀನಾದವು, ಅಲ್ಲಿನ ಜೆಜಿಯಾಂಗ್ ಪ್ರಾಂತ್ಯದ ಝುಜಿ ಅದರ ದೊಡ್ಡ ಪೇಟೆ. ಇವುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಮಣಿ ಇರುವುದಿಲ್ಲ, ಪೂರ್ತಿ ಮುತ್ತಿನ ಪದರವೇ. ಹಾಗಾಗಿ ಗಟ್ಟಿ. ಆದರೆ ತೂತು ಸಣ್ಣದಿರುತ್ತದೆ, ಅಂಚು ಚೂಪಾಗಿರುತ್ತದೆ, ಒಂದೇ ಸರದಲ್ಲಿ ಒಂದೊಂದು ಮುತ್ತಿಗೆ ಒಂದೊಂದು ಅಳತೆಯ ತೂತು ಇರುತ್ತದೆ. ಕಪ್ಪು, ನವಿಲು ಬಣ್ಣದ ಅಗ್ಗದ ಸರವಾದರೆ ಒದ್ದೆ ಬಿಳಿ ಬಟ್ಟೆಯಿಂದ ಒಂದು ಮುತ್ತು ಒರೆಸಿ ನೋಡಿ. ಬಣ್ಣ ಬಟ್ಟೆಗೆ ಬಂದರೆ, ಅಥವಾ ತೂತಿನ ಸುತ್ತ ಬಣ್ಣ ಗಾಢವಾಗಿ ನಿಂತಿದ್ದರೆ, ಅದು ಬಣ್ಣ ಹಾಕಿದ ಮುತ್ತು. ಬಿಳಿ ದಾರಕ್ಕೆ ಬಣ್ಣ ಇಳಿಯುತ್ತದೆ, ಬೂದು ದಾರ ತನ್ನಿ.

ಇಲ್ಲಿ ಕೈ ತೆಗೆಯಿರಿ ಅನ್ನುವ ಸೂಚನೆಗಳೂ ಇವೆ. ಸರ ತುಂಬಾ ಹಳೆಯದು, ಮುತ್ತುಗಳು ಪೂರ್ತಿ ದುಂಡಗಿಲ್ಲ, ತೂತು ಕೂದಲಿನಷ್ಟು ಸಣ್ಣದು, ಒಳಗೆ ಮಣಿಯ ಗೆರೆಯೂ ಇಲ್ಲ ಅಂದರೆ ಅದು ಸಾಕಿದ ಮುತ್ತೇ ಅಲ್ಲದಿರಬಹುದು. ನಮ್ಮ ಹಳೆಯ ಮನೆತನಗಳ ಒಡವೆಗಳಲ್ಲಿ ಬಸ್ರಾ ಮುತ್ತು ಅನ್ನುವ ಪರ್ಷಿಯನ್ ಕೊಲ್ಲಿಯ ಸಹಜ ಮುತ್ತುಗಳು ಇರುವುದುಂಟು, ಅವುಗಳ ಬೆಲೆಯೇ ಬೇರೆ. ಕಣ್ಣಿನಿಂದ ಯಾರೂ ಖಚಿತವಾಗಿ ಹೇಳಲಾರರು, ರತ್ನ ಪರೀಕ್ಷಾ ಪ್ರಯೋಗಾಲಯದಲ್ಲಿ ಎಕ್ಸ್‌ರೇ ತೆಗೆಸಿದರೇ ಗೊತ್ತಾಗುವುದು. ಅನುಮಾನ ಬಂದರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ದಾರದ ಯೋಚನೆ. ಮೂರು ನಾಲ್ಕು ಎಳೆ ಒಂದೇ ಕೊಂಡಿಗೆ ಸೇರುವ ಹಾರವನ್ನೂ ಮೊದಲ ಪ್ರಯತ್ನಕ್ಕೆ ಇಟ್ಟುಕೊಳ್ಳಬೇಡಿ. ಎಳೆಗಳ ಉದ್ದ ಒಂದಕ್ಕೊಂದು ಹೊಂದಿಸುವುದು ಪಳಗಿದ ಕೈಗೂ ಕಷ್ಟ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ದೊಡ್ಡ ಪಟ್ಟಿ ಏನಿಲ್ಲ. ಮುತ್ತಿಗೆಂದೇ ಬರುವ ರೇಷ್ಮೆ ದಾರ, ಎರಡು ಅಳತೆಯಲ್ಲಿ. ಚೂಪು ಮೂತಿಯ ಚಿಮಟ. ಗಂಟು ಸರಿಸಲು ಒಂದು ದಪ್ಪ, ನಯವಾದ ಸೂಜಿ. ಸಣ್ಣ ಚೂಪು ಕತ್ತರಿ. ಭೂತಗನ್ನಡಿ, ಸ್ಕೇಲು. ಅಂಚು ಎತ್ತರ ಇರುವ ತಟ್ಟೆಯೊಳಗೆ ಹಾಸಲು ದಪ್ಪ ಟವೆಲ್. ಟವೆಲ್ ಇಲ್ಲದೆ ಬರಿ ಮೇಜಿನ ಮೇಲೆ ಕೂತರೆ ಮೊದಲ ಮುತ್ತೇ ಮಂಚದ ಕೆಳಗೆ.

ಇದಲ್ಲದೆ ಗಿಂಪ್ ಬೇಕು. ಕೂದಲೆಳೆಯಷ್ಟು ಸಣ್ಣ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿ ಮಾಡಿದ ಟೊಳ್ಳು ಕೊಳವೆ ಅದು, ಜರ್ದೋಸಿ ಕಸೂತಿಯ ಸ್ಪ್ರಿಂಗ್ ತರವೇ ಕಾಣುತ್ತದೆ. ಕೊಂಡಿಯ ಲೋಹ ದಾರವನ್ನು ಉಜ್ಜದ ಹಾಗೆ ದಾರಕ್ಕೆ ಅಂಗಿ ತೊಡಿಸುವುದು ಇದರ ಕೆಲಸ. ಗಿಂಪ್ ಬಿಟ್ಟು ಪೋಣಿಸಿದ ಸರವೇ ಕೊಂಡಿ ಹತ್ತಿರ ಬೇಗ ಕಿತ್ತುಹೋಗುವುದು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅಂಟು ವಿಷಯದಲ್ಲಿ ಹಟ ಹಿಡಿಯುತ್ತೇನೆ. ಫೆವಿಕ್ವಿಕ್ ತರದ ತಕ್ಷಣ ಹಿಡಿಯುವ ಅಂಟು ಬೇಡವೇ ಬೇಡ. ಅದು ದಾರದೊಳಗೆ ಹರಿದು ರೇಷ್ಮೆಯನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ, ಬಿರುಸಾದ ಜಾಗದಲ್ಲೇ ದಾರ ಮುರಿಯುತ್ತದೆ, ಮುತ್ತಿನ ಮೇಲೆ ಬಿದ್ದರೆ ಬಿಳಿ ಮಂಜು ಕೂರುತ್ತದೆ. ಒಡವೆ ಕೆಲಸಕ್ಕೆಂದೇ ಬರುವ, ಸೂಜಿಮೂತಿಯ ಟ್ಯೂಬಿನ ಜಿಎಸ್ ಹೈಪೋ ಸಿಮೆಂಟ್ ಒಳ್ಳೆಯದು. ಸಿಗದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಗುಂಡುಸೂಜಿಯ ತುದಿಯಲ್ಲಿ ಒಂದು ಚುಕ್ಕೆ ಸಾಕು.

ಹಂತ 4: ಕ್ರಮ ತಪ್ಪದ ಹಾಗೆ ಬಿಚ್ಚಿ

ಕತ್ತರಿ ತೆಗೆಯುವ ಮುಂಚೆ ಸರವನ್ನು ಸ್ಕೇಲಿನ ಪಕ್ಕ ನೇರ ಇಟ್ಟು ಫೋಟೊ ತೆಗೆಯಿರಿ. ಮುತ್ತುಗಳನ್ನು ಎರಡು ಸಲ ಎಣಿಸಿ ಬರೆದಿಡಿ. ಹಳೆಯ ಅಕೋಯಾ ಸರಗಳಲ್ಲಿ ಹೆಚ್ಚಿನವು ನಡುವೆ ದೊಡ್ಡ ಮುತ್ತು, ಎರಡೂ ಕಡೆ ಇಳಿಯುತ್ತಾ ಹೋಗಿ ಕೊಂಡಿ ಹತ್ತಿರ ಮೂರು ಮಿಲಿಮೀಟರಿನ ಸಣ್ಣ ಮುತ್ತು, ಹೀಗೆ ಇರುತ್ತವೆ. ಒಂದಕ್ಕೂ ಪಕ್ಕದ್ದಕ್ಕೂ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಒಮ್ಮೆ ಕಲೆತರೆ ಮತ್ತೆ ಜೋಡಿಸಲು ಒಂದಿಡೀ ದಿನ ಬೇಕು. ನಮ್ಮ ಮನೆಯ ಒಂದು ಸರ ಅಂಗಡಿಯೊಂದರಿಂದ ಹೀಗೇ ಹೆಚ್ಚುಕಡಿಮೆಯಾಗಿ ಬಂದಿತ್ತು. ಎಡಗಡೆ ದೊಡ್ಡವು, ಬಲಗಡೆ ಸಣ್ಣವು. ಅದನ್ನು ಸರಿಮಾಡಲು ಹೋಗಿಯೇ ನಾನು ಈ ಕೆಲಸ ಕಲಿತದ್ದು.

ಸರದ ದಾರವನ್ನು ಒಂದೇ ಕಡೆ ಕತ್ತರಿಸಿ ಎಲ್ಲ ಸುರಿದುಕೊಳ್ಳಬೇಡಿ. ಕೊಂಡಿಯ ಪಕ್ಕದಿಂದ ಶುರು ಮಾಡಿ ಒಂದು ಗಂಟು, ಒಂದು ಮುತ್ತು, ಹೀಗೆ ಬಿಡಿಸುತ್ತಾ, ಬಿಡಿಸಿದ ಮುತ್ತನ್ನು ತಕ್ಷಣ ಸಣ್ಣ ನೈಲಾನ್ ದಾರಕ್ಕೆ ಏರಿಸಿ. ನೈಲಾನಿನ ಒಂದು ತುದಿಗೆ ಗುಂಡಿ ಕಟ್ಟಿ. ಅದೇ ಮೊದಲನೆಯ ಮುತ್ತಿನ ಗುರುತು. ಕತ್ತರಿಯ ಮೂತಿ ಗಂಟಿಗೆ ತಾಗಬೇಕು, ಮುತ್ತಿಗೆ ಅಲ್ಲ. ಮುತ್ತಿನ ಗಡಸುತನ ಮೋಸ್ ಅಳತೆಯಲ್ಲಿ 2.5ರಿಂದ 4.5ರ ಒಳಗೆ, ಉಕ್ಕು ಸುಲಭವಾಗಿ ಗೀರುತ್ತದೆ. ತೂತಿನಲ್ಲಿ ಹಳೆ ದಾರದ ಚೂರು ಸಿಕ್ಕಿಕೊಂಡರೆ ಸಣ್ಣ ಸೂಜಿಯಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ, ಕೆದಕಬೇಡಿ.

ಹಳೆ ಕೊಂಡಿಯನ್ನು ಎಸೆಯಬೇಡಿ. ಜಪಾನಿನ ಹಳೆ ಸರಗಳ ಬೆಳ್ಳಿ ಕೊಂಡಿಗಳು ಮೀನಿನ ಗಾಳದ ಆಕಾರದ ಕೊಕ್ಕೆ ಇದ್ದವು, ಒತ್ತಿ ತೆಗೆದ ಮೇಲೂ ಕೊಕ್ಕೆ ಒಳಗೆ ಸಿಕ್ಕಿಕೊಂಡು ಸರ ಜಾರದ ಹಾಗೆ ತಡೆಯುತ್ತದೆ. ಹಿಂಬದಿಯಲ್ಲಿ ಚಿಪ್ಪಿನ ಆಕಾರದೊಳಗೆ ಎಂ ಅಕ್ಷರ ಇದ್ದರೆ ಅದು ಮಿಕಿಮೊಟೊ ಗುರುತು, ಸರದ ಬೆಲೆಯಲ್ಲಿ ಅದಕ್ಕೂ ಪಾಲಿದೆ. ಬೆಳ್ಳಿ ಕಪ್ಪಾಗಿದ್ದರೆ ಮುತ್ತಿನಿಂದ ಬೇರೆ ಆದ ಈ ಹೊತ್ತಿನಲ್ಲೇ ತೊಳೆದುಕೊಳ್ಳಿ. ಬೆಳ್ಳಿ ಬೆಳಗುವ ದ್ರಾವಣದಲ್ಲಿ ಆಮ್ಲ ಇರುತ್ತದೆ, ಮುತ್ತಿಗೆ ತಾಗಿದರೆ ಹೊಳಪು ಹೋಯಿತು, ವಾಪಸ್ ಬರುವುದಿಲ್ಲ.

ಹಂತ 5: ತೊಳೆದು ಪೂರ್ತಿ ಒಣಗಿಸಿ

ಮುತ್ತುಗಳು ನೈಲಾನಿನ ಮೇಲೆ ಇರುವಾಗಲೇ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಮಗುವಿನ ಶಾಂಪೂ ಹಾಕಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒಂದೊಂದನ್ನೇ ಒರೆಸಿ. ಬರಿ ನೀರಿನಲ್ಲಿ ಎರಡು ಸಲ ತೊಳೆಯಿರಿ. ಅಷ್ಟೇ.

ಹುಣಸೆಹಣ್ಣು, ನಿಂಬೆ, ವಿನಿಗರ್ ಬೇಡ. ಮುತ್ತು ಅಂದರೆ ಸುಣ್ಣದ ಅಂಶ, ಹುಳಿ ಅದನ್ನು ಕರಗಿಸುತ್ತದೆ. ಹಲ್ಲುಪುಡಿ, ಟೂತ್‌ಪೇಸ್ಟ್, ಬ್ರಶ್ ಬೇಡ, ಗೀರು ಬೀಳುತ್ತದೆ. ಚಿನ್ನದಂಗಡಿಯಲ್ಲಿ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ಆವಿ ಯಂತ್ರಕ್ಕೂ ಮುತ್ತು ಕೊಡಬೇಡಿ. ಬಳೆ, ಸರ ಎಲ್ಲ ಒಟ್ಟಿಗೆ ತೊಳೆದುಕೊಡುತ್ತೇವೆ ಅಂದಾಗ ಮುತ್ತಿನ ಸರ ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ.

ಒಣಗಿಸುವುದು ನೆರಳಿನಲ್ಲಿ, ಬಟ್ಟೆಯ ಮೇಲೆ, ಒಂದಿಡೀ ದಿನ. ಮೇಲೆ ಒಣಗಿದ್ದರೂ ತೂತಿನೊಳಗೆ ನೀರು ನಿಂತಿರುತ್ತದೆ. ಆ ಒದ್ದೆಯಲ್ಲೇ ಪೋಣಿಸಿದರೆ ರೇಷ್ಮೆ ನೀರು ಕುಡಿದು ಹಿಗ್ಗುತ್ತದೆ, ಒಣಗಿದ ಮೇಲೆ ಗಂಟುಗಳ ನಡುವೆ ಸಂದು ಬೀಳುತ್ತದೆ.

ಹಂತ 6: ದಾರ ಆರಿಸಿ, ಎಳೆದು ನೇತುಹಾಕಿ

ಇದೇ ಇಡೀ ಕೆಲಸದ ಜೀವ.

ಮೊದಲು ಏನು ಬೇಡ ಅಂತ ಹೇಳುತ್ತೇನೆ. ಹೊಲಿಗೆ ಯಂತ್ರದ ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಸೀರೆಗೆ ಕುಚ್ಚು ಕಟ್ಟುವ ದಾರ ಮನೆಯಲ್ಲಿ ಇದೆ ಅಂತ ಎಷ್ಟೋ ಜನ ಅದನ್ನೇ ಬಳಸುತ್ತಾರೆ. ಅದಕ್ಕೆ ಬಿಗಿ ಹುರಿ ಇರುವುದಿಲ್ಲ, ತೂತಿನ ಅಂಚಿಗೆ ಸಿಕ್ಕಿ ಎಳೆ ಎಳೆಯಾಗಿ ಬಿಡುತ್ತದೆ, ಎಷ್ಟೋ ಸಲ ಅದು ರೇಷ್ಮೆಯೂ ಅಲ್ಲ. ಮೀನು ಹಿಡಿಯುವ ನೈಲಾನ್, ಲೋಹದ ತಂತಿ ಗಟ್ಟಿ ಅನಿಸಬಹುದು, ಆದರೆ ಸರ ಕೊರಳಿನಲ್ಲಿ ಬಳುಕದೆ ಬಳೆಯ ಹಾಗೆ ನಿಲ್ಲುತ್ತದೆ.

ಮುತ್ತಿನ ರೇಷ್ಮೆ ದಾರ ಸಾಮಾನ್ಯವಾಗಿ ರಟ್ಟಿಗೆ ಸುತ್ತಿ, ತುದಿಯಲ್ಲಿ ಸೂಜಿ ಸೇರಿಸಿಯೇ ಬರುತ್ತದೆ. ಜರ್ಮನಿಯ ಗ್ರಿಫಿನ್ ದಾರ ಒಂದು ರಟ್ಟಿಗೆ 2 ಮೀಟರ್. 18 ಇಂಚಿನ ಒಂದು ಸರಕ್ಕೆ ಅಷ್ಟು ಸಾಕು. ಅದರಲ್ಲಿ 2ನೇ ನಂಬರ್ ಅಂದರೆ 0.45 ಮಿ.ಮೀ. ದಪ್ಪ, 4ನೇ ನಂಬರ್ ಅಂದರೆ 0.60 ಮಿ.ಮೀ. ಮುತ್ತಿನ ಗಾತ್ರ ಹೇಳಿ ದಾರ ಕೇಳಬೇಡಿ. ಏಳು ಮಿಲಿಮೀಟರಿನ ಎರಡು ಮುತ್ತುಗಳ ತೂತು ಬೇರೆ ಬೇರೆ ಇರಬಹುದು. ತೂತಿನ ಅಂದಾಜಿಗೆ 24 ಗೇಜಿನ ತಾಮ್ರದ ತಂತಿ ಇಟ್ಟುಕೊಳ್ಳಿ, ಅದು ಸುಮಾರು ಅರ್ಧ ಮಿಲಿಮೀಟರ್. ತುದಿ ನಯ ಮಾಡಿ ಮೆಲ್ಲಗೆ ಒಳಗೆ ಬಿಡಿ. ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಸಾಮಾನ್ಯ ತೂತು. ಹೋಗದಿದ್ದರೆ ಬಲ ಹಾಕಬೇಡಿ, 2ಕ್ಕಿಂತಲೂ ಸಣ್ಣ ದಾರ ಬೇಕು.

ಕೊನೆಯ ತೀರ್ಮಾನಕ್ಕೆ ಎರಡು ಪರೀಕ್ಷೆ. ಒಂದು, ಸರದ ಎರಡು ತುದಿಯ ಮೂರು ಮೂರು ಮುತ್ತುಗಳಲ್ಲಿ ದಾರ ಎರಡು ಸಲ ಹಾದುಹೋಗಬೇಕು, ಹಾಗಾಗಿ ಆ ಆರರಲ್ಲಿ ತೂತು ತೀರ ಸಣ್ಣದಿರುವುದನ್ನು ಆರಿಸಿ ಎರಡು ಸಲ ಹಾಯಿಸಿ ನೋಡಿ, ಸ್ವಲ್ಪ ಬಿಗಿಯಾಗಿ, ಆದರೆ ಚಿಮಟದಿಂದ ಜಗ್ಗದೆ ಬರಬೇಕು. ಇನ್ನೊಂದು, ಅದೇ ದಾರದ ತುಂಡಿಗೆ ಒಂದು ಗಂಟು ಹಾಕಿ, ಇಡೀ ಸರದಲ್ಲಿ ತೂತು ತೀರ ದೊಡ್ಡದಿರುವ ಮುತ್ತಿಗೆ ಎಳೆಯಿರಿ, ಗಂಟು ತೂತಿನೊಳಗೆ ಹೋಗಬಾರದು. ಎರಡೂ ಪರೀಕ್ಷೆ ಪಾಸಾದ ದಾರವೇ ನಿಮ್ಮ ದಾರ. ಮೊದಲನೆಯದು ಪಾಸಾಗದೆ ಎರಡನೆಯದು ಮಾತ್ರ ಪಾಸಾದರೆ, ದಾರ ಬದಲಿಸುವ ಬದಲು ತುದಿಯ ಆರು ಮುತ್ತುಗಳ ತೂತನ್ನು ರೀಮರ್ (ತೂತನ್ನು ಒಳಗಿನಿಂದ ಉಜ್ಜುವ ಸೂಜಿಯಂಥ ಅರ) ಹಾಕಿ ಒಂದು ಕೂದಲಷ್ಟು ಅಗಲಿಸುವವರಿದ್ದಾರೆ. ಗಟ್ಟಿ ಸಿಹಿನೀರಿನ ಮುತ್ತಾದರೆ ಸರಿ, ಮುತ್ತು ನೀರಿನಲ್ಲಿ ಮುಳುಗಿರಬೇಕು, ಕೈಯಿಂದಲೇ ಮೆಲ್ಲಗೆ ತಿರುಗಿಸಬೇಕು, ಎರಡೂ ಕಡೆಯಿಂದ ನಡುವಿನವರೆಗೆ. ಒಣಗಿದ ಮುತ್ತಿಗೆ ರೀಮರ್ ಹಾಕಿ ನನ್ನ ಸೋದರತ್ತೆಯ ಅಕೋಯಾ ಸರದ ಒಂದು ಮುತ್ತಿನ ಪದರ ತೂತಿನ ಹತ್ತಿರ ಚಕ್ಕೆ ಎದ್ದಿದೆ. ಇವತ್ತಿಗೂ ಅದನ್ನು ನೋಡಿದರೆ ಸಂಕಟವಾಗುತ್ತದೆ. ತೆಳು ಪದರದ ಹಳೆ ಅಕೋಯಾಕ್ಕೆ ಸಣ್ಣ ದಾರವೇ ಸರಿ, ರೀಮರ್ ಬೇಡ.

ದಿನಾ ಆಫೀಸಿಗೆ ಹಾಕುವ ಸಿಹಿನೀರಿನ ಸರಕ್ಕೆ ರೇಷ್ಮೆ ಬದಲು ಹುರಿ ಬಿಗಿಯಾದ ನೈಲಾನ್ ಅಥವಾ ಪಾಲಿಯೆಸ್ಟರ್ ಮಣಿದಾರ ಹಾಕಿದರೆ ತಪ್ಪಿಲ್ಲ. ಚೂಪು ಅಂಚಿನ ತೂತಿಗೆ ಅದು ಹೆಚ್ಚು ತಾಳುತ್ತದೆ. ಹಳೆಯ ಅಕೋಯಾಕ್ಕೆ ಮಾತ್ರ ನಾನು ರೇಷ್ಮೆ ಬಿಟ್ಟು ಬೇರೆ ಹಾಕುವುದಿಲ್ಲ.

ಈಗ ಎಳೆಯುವ ಕೆಲಸ. ರಟ್ಟಿನಿಂದ ಪೂರ್ತಿ ದಾರ ಬಿಚ್ಚಿ, ಒಂದು ತುದಿಯನ್ನು ಬಾಗಿಲ ಮೇಲಿನ ಮೊಳೆಗೆ ಕಟ್ಟಿ, ಇನ್ನೊಂದು ತುದಿಗೆ ಸಣ್ಣ ಬೀಗದಷ್ಟು ಭಾರ ತೂಗಿ ರಾತ್ರಿಯಿಡೀ ಬಿಡಿ. ಮಡಿಕೆಯ ಗುರುತು ಹೋಗುತ್ತದೆ, ಮುಂದೆ ಕೊರಳಲ್ಲಿ ಎಳೆದುಕೊಳ್ಳಬೇಕಾದ್ದು ಈಗಲೇ ಎಳೆದುಕೊಳ್ಳುತ್ತದೆ. "ಎರಡೇ ತಿಂಗಳಿಗೆ ಜೋತುಬಿತ್ತು" ಅಂದವರಲ್ಲಿ ಈ ಹಂತ ಮಾಡಿದವರು ನನಗೆ ಇನ್ನೂ ಸಿಕ್ಕಿಲ್ಲ.

ಹಂತ 7: ಬೇರೆ ಮಣಿಯ ಮೇಲೆ ಗಂಟು ಕಲಿಯಿರಿ

ಅಗ್ಗದ ಗಾಜಿನ ಮಣಿ ಇಪ್ಪತ್ತು ತೆಗೆದುಕೊಳ್ಳಿ. ಇಪ್ಪತ್ತು ಗಂಟು ಹಾಕಿ. ಅದರಲ್ಲಿ ಕೊನೆಯ ಐದು ಒಂದೇ ಸಮ ಬಂದರೆ ನೀವು ತಯಾರು.

ಗಂಟು ಮಾಮೂಲಿ ಒಂಟಿ ಗಂಟು. ಮಣಿ ಏರಿಸಿ ಹಿಂದಿನ ಗಂಟಿಗೆ ತಾಗಿಸಿ. ದಾರವನ್ನು ಎಡಗೈಯ ಎರಡು ಬೆರಳಿಗೆ ಸುತ್ತಿ ಕುಣಿಕೆ ಮಾಡಿ, ಪೋಣಿಸಿದ ಭಾಗವನ್ನೆಲ್ಲ ಆ ಕುಣಿಕೆಯೊಳಗಿನಿಂದ ಕೆಳಗೆ ಇಳಿಬಿಡಿ. ಈಗ ಕುಣಿಕೆ ಸಡಿಲ ಇರುವಾಗಲೇ ದಪ್ಪ ಸೂಜಿಯನ್ನು ಅದರೊಳಗೆ ತೂರಿಸಿ, ಸೂಜಿಯ ಜೊತೆಗೇ ಕುಣಿಕೆಯನ್ನು ಜಾರಿಸುತ್ತಾ ಮಣಿಗೆ ತಾಗುವವರೆಗೆ ತನ್ನಿ. ದಾರ ಎಳೆದು ಬಿಗಿ ಮಾಡುವುದು ಸೂಜಿ ಮಣಿಗೆ ತಾಗಿದ ಮೇಲೆ. ಗಂಟು ಸೂಜಿಯ ಸುತ್ತ ಬಿಗಿಯಾಯಿತು ಅನಿಸಿದಾಗ ಸೂಜಿ ಹೊರಗೆಳೆದು, ತಕ್ಷಣ ಹೆಬ್ಬೆರಳಿನ ಉಗುರಿನಿಂದ ಗಂಟನ್ನು ಮಣಿಯ ಕಡೆಗೆ ತಳ್ಳಿ.

ಎಲ್ಲರೂ ಮಾಡುವ ತಪ್ಪು ಇಲ್ಲಿ ಒಂದೇ, ಸೂಜಿಯನ್ನು ಬೇಗ ತೆಗೆಯುವುದು. ಆಗ ಗಂಟು ಒಂದೆರಡು ಮಿಲಿಮೀಟರ್ ದೂರದಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾದರೆ ಮುಂದೆ ಹೋಗಬೇಡಿ. ಎರಡು ಸಣ್ಣ ಸೂಜಿ ಗಂಟಿನೊಳಗೆ ಹಾಕಿ ಎರಡೂ ಕಡೆ ಎಳೆದು ಬಿಡಿಸಿ. ಒಂದೇ ಗಂಟನ್ನು ಎರಡು ಮೂರು ಸಲ ಬಿಚ್ಚಿ ಕಟ್ಟಿದರೆ ದಾರದ ನೂಲು ಏಳುತ್ತದೆ. ಅದಕ್ಕೇ ಅಭ್ಯಾಸ ಗಾಜಿನ ಮಣಿಯ ಮೇಲೆ.

ಹಂತ 8: ಮೊದಲ ಕೊಂಡಿ

ಕೊಂಡಿಯ ಪಕ್ಕದ ಮುತ್ತನ್ನು ಒಂದನೆಯದು ಅನ್ನೋಣ. ದಾರಕ್ಕೆ ಏರಿಸುವುದು ತಿರುಗಾಮುರುಗಾ. ಮೊದಲು ಮೂರನೆಯದು, ಆಮೇಲೆ ಎರಡನೆಯದು, ಆಮೇಲೆ ಒಂದನೆಯದು. ಮೂರನೆಯದರ ಹಿಂದೆ 15 ಸೆಂ.ಮೀ. ಬಾಲ ಉಳಿಸಿ, ಜಾರದ ಹಾಗೆ ಬಟ್ಟೆ ಕ್ಲಿಪ್ಪು ಹಾಕಿ.

ಸುಮಾರು 7 ಮಿ.ಮೀ. ಉದ್ದದ ಗಿಂಪ್ ಕತ್ತರಿಸಿ ಏರಿಸಿ, ಆಮೇಲೆ ಕೊಂಡಿಯ ಪುಟ್ಟ ಬಳೆ. ಈಗ ಸೂಜಿಯನ್ನು ಒಂದನೆಯ ಮುತ್ತಿನೊಳಗೆ ವಾಪಸ್ ಹಾಯಿಸಿ, ನಿಧಾನ ಎಳೆಯಿರಿ. ಗಿಂಪ್ ಬಾಗಿ ಕೊಂಡಿಯ ಬಳೆಯ ಸುತ್ತ ಚಿಕ್ಕ ಕುಣಿಕೆ ಆಗಬೇಕು, ಎರಡೂ ತುದಿ ಮುತ್ತಿಗೆ ತಾಗಿರಬೇಕು. ಜೋರಾಗಿ ಜಗ್ಗಿದರೆ ಸ್ಪ್ರಿಂಗ್ ಬಿಚ್ಚಿ ನಡುವೆ ದಾರ ಇಣುಕುತ್ತದೆ. ಹಾಗೆ ಕಂಡರೆ ಆ ತುಂಡು ತೆಗೆದು ಹೊಸದು ಹಾಕಿ.

ಈಗ ಒಂದು ಮತ್ತು ಎರಡನೆಯ ಮುತ್ತಿನ ನಡುವೆ ದಾರದ ಎರಡು ಎಳೆ ಇವೆ. ಸೂಜಿ ಇರುವ ದಾರದಿಂದ ಇನ್ನೊಂದು ಎಳೆಯನ್ನು ಸುತ್ತಿ ಗಂಟು ಹಾಕಿ, ಒಂದನೆಯ ಮುತ್ತಿಗೆ ತಾಗಿಸಿ. ಸೂಜಿ ಎರಡನೆಯ ಮುತ್ತಿನೊಳಗೆ. ಮತ್ತೆ ಗಂಟು. ಮೂರನೆಯ ಮುತ್ತು. ಅದರಾಚೆ ಬಾಲವೂ ದಾರವೂ ಒಟ್ಟಿಗೆ ಹೊರಬಂದಿರುತ್ತವೆ, ಅಲ್ಲೂ ಬಾಲವನ್ನು ಸುತ್ತಿ ಗಂಟು. ಬಾಲ ಈಗಲೇ ಕತ್ತರಿಸಬೇಡಿ.

ಹಂತ 9: ನಡುವಿನ ಮುತ್ತುಗಳು

ಇನ್ನು ಸಲೀಸು. ನೈಲಾನಿನಿಂದ ಒಂದು ಮುತ್ತು ತೆಗೆಯಿರಿ, ಏರಿಸಿ, ಗಂಟು. ಹತ್ತು ಮುತ್ತಿಗೊಮ್ಮೆ ಸರ ಎತ್ತಿ ಹಿಡಿದು ಬೆಳಕಿಗೆ ನೋಡಿ. ಸಂದು ಕಂಡರೆ ಅಲ್ಲೇ ನಿಲ್ಲಿಸಿ ಸರಿಮಾಡಿ, ಅರವತ್ತನೆಯ ಮುತ್ತಿನಲ್ಲಿ ಹದಿಮೂರನೆಯದರ ಸಂದು ಕಂಡರೆ ಏನೂ ಮಾಡಲಾಗದು. ತೀರ ಬಿಗಿಯೂ ಒಳ್ಳೆಯದಲ್ಲ. ಸರ ಕಡ್ಡಿಯ ಹಾಗೆ ಸೆಟೆದು ನಿಂತರೆ ಗಂಟನ್ನು ಮುತ್ತಿಗೆ ಒತ್ತಿ ಬಿಗಿದಿದ್ದೀರಿ ಅಂತ. ಗಂಟು ಮುತ್ತಿಗೆ ತಾಗಿದರೆ ಸಾಕು.

ಉದ್ದದ ಬಗ್ಗೆ ಒಂದು ಮಾತು. ಮೊದಲು ಗಂಟಿಲ್ಲದೆ ಇದ್ದ ಸರಕ್ಕೆ ಈಗ ಗಂಟು ಹಾಕುತ್ತಿದ್ದರೆ ಸರ ಉದ್ದವಾಗುತ್ತದೆ. ಅರವತ್ತು ಗಂಟು, ಒಂದೊಂದು ಮುಕ್ಕಾಲು ಮಿಲಿಮೀಟರ್ ಅಂದರೂ ನಾಲ್ಕೂವರೆ ಸೆಂ.ಮೀ. ಕೊರಳಿಗೆ ಹತ್ತಿ ಕೂರುವ 16 ಇಂಚಿನ ಸರ ಹೆಚ್ಚುಕಡಿಮೆ 18 ಇಂಚು ಆಗುತ್ತದೆ. ಬೇಡವಾದರೆ ತುದಿಯಿಂದ ಎರಡೂ ಕಡೆ ಸಮ ಮುತ್ತು ತೆಗೆದಿಟ್ಟುಕೊಳ್ಳಿ, ನಡುವಿನದು ನಡುವೆಯೇ ಇರಬೇಕಲ್ವಾ.

ಹಂತ 10: ಕೊನೆಯ ಮೂರು ಮುತ್ತು

ಕೆಲಸ ಹಾಳಾಗುವ ಎರಡನೆಯ ಜಾಗ ಇದು. ಮೂರು ಮುತ್ತು ಉಳಿದಾಗ ಗಂಟು ನಿಲ್ಲಿಸಿ. ಮೂರನ್ನೂ ಗಂಟಿಲ್ಲದೆ ಏರಿಸಿ, ಗಿಂಪ್, ಕೊಂಡಿಯ ಇನ್ನೊಂದು ಭಾಗ, ಆಮೇಲೆ ಸೂಜಿ ಕೊನೆಯ ಮುತ್ತಿನೊಳಗೆ ವಾಪಸ್.

ಪೂರ್ತಿ ಎಳೆದು ಬಿಗಿ ಮಾಡಬೇಡಿ. ಈ ಮೂರು ಮುತ್ತುಗಳ ನಡುವೆ ಮತ್ತು ಹಿಂದೆ ಒಂದೊಂದು ಗಂಟು ಕೂರುವಷ್ಟು, ಅಂದರೆ ಒಂದು ಮಿಲಿಮೀಟರ್ ಜಾಗ ಬಿಡಬೇಕು. ಬಹಳ ಜನ ಇಲ್ಲಿ ಬಿಗಿ ಎಳೆದುಬಿಡುತ್ತಾರೆ, ಆಮೇಲೆ ಗಂಟಿಗೆ ಜಾಗವೇ ಇರುವುದಿಲ್ಲ, ಕೊನೆಯ ಮೂರು ಮುತ್ತು ಒಂದಕ್ಕೊಂದು ಅಂಟಿಕೊಂಡು ಸರದ ಒಂದು ಬದಿ ಮಾತ್ರ ಬೇರೆಯಾಗಿ ಕಾಣುತ್ತದೆ. ಜಾಗ ಬಿಟ್ಟು, ಗಿಂಪ್ ಕುಣಿಕೆ ಸರಿಯಾಗಿ ಕೂತಿದೆ ಅಂತ ನೋಡಿ, ಒಂದು ಗಂಟು, ಒಂದು ಮುತ್ತು, ಮತ್ತೆ ಗಂಟು, ಹೀಗೆ ಹಿಂದಕ್ಕೆ ಬನ್ನಿ. ಕೊನೆಯ ಗಂಟು ಈ ಮೂರು ಮುತ್ತುಗಳಾಚೆ, ಮೊದಲೇ ಇದ್ದ ಗಂಟಿನ ಪಕ್ಕಕ್ಕೆ ಬೀಳುತ್ತದೆ. ಅದಾದ ಮೇಲೆ ತೂತಿನಲ್ಲಿ ಜಾಗ ಇದ್ದರೆ ಸೂಜಿಯನ್ನು ಇನ್ನೂ ಒಂದು ಮುತ್ತಿನೊಳಗೆ ಹಾಯಿಸಿ, ಬಾಲ ಅಲ್ಲಿ ಅಡಗಿಕೊಳ್ಳುತ್ತದೆ.

ಸೂಜಿ ತೂತಿನಲ್ಲಿ ಸಿಕ್ಕಿಕೊಂಡರೆ ಇಕ್ಕಳದಿಂದ ಎಳೆಯಬೇಡಿ. ಸೂಜಿ ಬರುತ್ತದೆ, ಜೊತೆಗೆ ತೂತಿನ ಅಂಚೂ ಬರುತ್ತದೆ. ಹಿಂದಕ್ಕೆ ತೆಗೆದು, ಸೂಜಿ ಕತ್ತರಿಸಿ, ದಾರದ ತುದಿಗೆ ಒಂದು ಹನಿ ಹೈಪೋ ಸಿಮೆಂಟ್ ಸವರಿ ಚೂಪಾಗಿ ಹೊಸೆದು ಒಣಗಿಸಿದರೆ ದಾರದ ತುದಿಯೇ ಸೂಜಿಯಾಗುತ್ತದೆ.

ಹಂತ 11: ಅಂಟು, ಕತ್ತರಿ, ಮೊದಲ ತಿಂಗಳು

ಎರಡೂ ಬದಿಯ ಕೊನೆಯ ಗಂಟಿಗೆ ಮಾತ್ರ, ಗುಂಡುಸೂಜಿಯ ತುದಿಯಷ್ಟು ಅಂಟು. ಎಲ್ಲ ಗಂಟಿಗೂ ಹಚ್ಚಬೇಡಿ. ಒಂದು ರಾತ್ರಿ ಒಣಗಲಿ. ಆಮೇಲೆ ಬಾಲವನ್ನು ಮೆಲ್ಲಗೆ ಬಿಗಿ ಹಿಡಿದು ಗಂಟಿಗೆ ಹತ್ತಿರ ಕತ್ತರಿಸಿ. ಕತ್ತರಿಸುವ ಮುಂಚೆ ಒಂದು ಕ್ಷಣ ನಿಂತು ಯಾವುದು ಬಾಲ, ಯಾವುದು ಸರದ ದಾರ ಅಂತ ಇನ್ನೊಮ್ಮೆ ನೋಡಿ.

ಎಣಿಸಿ, ಬರೆದಿಟ್ಟ ಲೆಕ್ಕಕ್ಕೆ ತಾಳೆ ನೋಡಿ. ಆಮೇಲೆ ಸರವನ್ನು ಮೊಳೆಗೆ ನೇತುಹಾಕಬೇಡಿ, ಮೆತ್ತನೆ ಬಟ್ಟೆಯ ಚೀಲದಲ್ಲಿ ಮಲಗಿಸಿ ಇಡಿ. ಚಿನ್ನದ ಸರ, ಕಲ್ಲಿನ ಓಲೆ ಇರುವ ಪೆಟ್ಟಿಗೆಯಲ್ಲಿ ಒಟ್ಟಿಗೆ ಹಾಕಿದರೆ ಮುತ್ತಿಗೆ ಗೀರು ಬೀಳುತ್ತದೆ. ಸೆಂಟು, ಹೇರ್ ಸ್ಪ್ರೇ, ಪೌಡರ್ ಎಲ್ಲ ಮುಗಿದು, ಸೀರೆ ಉಟ್ಟು, ಹೂ ಮುಡಿದ ಮೇಲೆ ಕೊನೆಯದಾಗಿ ಹಾಕಿಕೊಳ್ಳಿ. ಬಂದ ತಕ್ಷಣ ತೆಗೆದು, ಬೆವರು ಒರೆಸಿ ಇಡಿ.

ನಾಲ್ಕೈದು ಸಲ ಹಾಕಿದ ಮೇಲೆ ಮತ್ತೆ ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ಕೂದಲೆಳೆಯ ಸಂದು ಕಂಡರೆ ಹೆದರಬೇಡಿ, ರೇಷ್ಮೆ ಅಷ್ಟು ಕೂರುತ್ತದೆ. ಒಂದೇ ಜಾಗದಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಸಂದು ಬಿದ್ದಿದ್ದರೆ ಅಲ್ಲಿ ಗಂಟು ತೂತಿನೊಳಗೆ ಜಾರಿದೆ. ಆ ಮುತ್ತಿನ ತೂತು ಎಣಿಸಿದ್ದಕ್ಕಿಂತ ದೊಡ್ಡದು. ಆರನೆಯ ಹಂತದ ಎರಡನೆಯ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಂಡಿದೆ. ಇಡೀ ಸರ ಬಿಚ್ಚಿ ಮತ್ತೆ ಪೋಣಿಸುವಾಗ ಆ ಮುತ್ತಿನ ಎರಡೂ ಕಡೆ ಒಂಟಿ ಗಂಟಿನ ಬದಲು, ಕುಣಿಕೆಯೊಳಗೆ ದಾರವನ್ನು ಇನ್ನೊಂದು ಸುತ್ತು ಹಾಯಿಸಿ ಜೋಡಿ ಗಂಟು ಹಾಕಿ.